ನಿಂತ ಕುದುರೆಗಳ ಹುಲ್ಲು

ಫಕೀರೇಶನ ಗಾಡಿ ಪೆಟ್ರೋಲು ಕುಡಿಯುವುದೇ ಇಲ್ಲ, ಬರೇ ಮೂಸಿ ನೋಡುತ್ತದೆ. ಟಾಕಿಯ ಮುಚ್ಚಳ ತೆಗೆದು ಒಂದು ಲೀಟರಿನ ವಾಸನೆ ತೋರಿಸಿದರೆ ಸಾಕು. ಉಣಕಲ್ಲಿನಿಂದ ಹೊರಟು ಪಣಜಿ ಮುಟ್ಟಿ, ಸಮುದ್ರದ ದಂಡೆಗೆ ಒಂದು ಸುತ್ತು ಹಾಕಿ, ಹೆಂಡತಿ ಭುವನೇಶ್ವರಿ ಒಲೆಯ ಮೇಲಿಟ್ಟ ಚಹಾ ಉಕ್ಕುವುದರೊಳಗೆ ತಿರುಗಿ ಬಂದು ಮನೆಯ ಮುಂದೆ ನಿಲ್ಲುತ್ತದೆ. ಉಳಿದ ವಾಸನೆಯನ್ನು ದಾರಿಯಲ್ಲಿ ಬಂದ್ ಬಿದ್ದ ಸ್ಕೂಟರಿನವರಿಗೆ ದಾನ ಮಾಡಬಹುದು. ಹೀಗೆಂದು ಅವನು ಕೆರೆಯ ಎದುರಿನ ಚಹಾದಂಗಡಿಯಲ್ಲಿ ಮೂರು ವರ್ಷಗಳಿಂದ ಹೇಳುತ್ತ ಬಂದಿದ್ದ. ಯಾರಾದರೂ ಹಟ ಹಿಡಿದು ಅಂಕಿ ಕೇಳಿದರೆ ಲೀಟರಿಗೆ ನೂರಾ ನಲವತ್ತು ಕಿಲೋಮೀಟರು ಎನ್ನುತ್ತಿದ್ದ. ಸರ್ವಿಸಿನ ಖರ್ಚು ಕೇಳಿದರೆ ವರ್ಷಕ್ಕೊಂದು ತೆಂಗಿನಕಾಯಿ ಎನ್ನುತ್ತಿದ್ದ. ಕೇಳಿದವರು ನಕ್ಕು, ಇನ್ನೊಂದು ಬಿಡ್ರಿ ಫಕೀರೇಶಪ್ಪ ಎಂದು ಹುರಿದುಂಬಿಸಿ, ಚಹಾದ ರೊಕ್ಕವನ್ನು ಅವನ ತಲೆಗೇ ಕಟ್ಟಿ ಏಳುತ್ತಿದ್ದರು. ಯಾರೂ ನಂಬದ ಮಾತು ಸುಳ್ಳಲ್ಲ, ಸುಳ್ಳಾಗಬೇಕಾದರೆ ಅದನ್ನು ಒಬ್ಬನಾದರೂ ನಂಬಬೇಕು ಎಂಬುದು ಅವನ ನ್ಯಾಯ. ಮೂರು ವರ್ಷದ ಮೇಲೆ ಆ ಒಬ್ಬ ಸಿಕ್ಕಿದ್ದ. ಇವತ್ತು ಹನ್ನೊಂದು ಗಂಟೆಗೆ ಮುಂಗಡದ ಚೀಲ ಹಿಡಿದು, ಗಾಡಿ ಕೊಳ್ಳಲು ಬರುವವನಿದ್ದ.

ಆ ಒಬ್ಬ ಗಾದಿ ಹೊಲಿಯುವ ಗುಲಾಬಸಾಬನ ಮಗ ವಸೀಮ. ಅವನೇನು ದಡ್ಡನಲ್ಲ. ಫಕೀರೇಶನ ಮಾತನ್ನು ಹತ್ತರಿಂದ ಭಾಗಿಸಬೇಕು ಎಂಬ ಮಗ್ಗಿ ಓಣಿಯವರಿಗೆಲ್ಲ ಬಾಯಿಪಾಠವಿತ್ತು. ಮಳೆಗಾಲದಲ್ಲಿ ಮನೆಯೊಳಗೆ ಹತ್ತು ಅಡಿ ನೀರು ಬಂತೆಂದರೆ ಒಂದು ಅಡಿ, ಹತ್ತು ಮಂದಿಯನ್ನು ಒಬ್ಬನೇ ಬಡಿದು ಹಾಕಿದೆನೆಂದರೆ ಯಾರೋ ಒಬ್ಬನ ಜೊತೆ ಮಾತು ಬೆಳೆದಿದೆ. ವಸೀಮ ಆ ಮಗ್ಗಿಯಂತೆಯೇ ನೂರಾ ನಲವತ್ತನ್ನು ಹತ್ತರಿಂದ ಭಾಗಿಸಿ ಹದಿನಾಲ್ಕು ಎಂದು ಮೊಬೈಲಿನಲ್ಲಿ ಬರೆದುಕೊಂಡಿದ್ದ. ತೆಂಗಿನಕಾಯಿಯನ್ನು ಧಾರಾಳವಾಗಿ ಹತ್ತು ಸಾವಿರಕ್ಕೆ ಏರಿಸಿಕೊಂಡಿದ್ದ. ಮದುವೆಗಳಿಗೆ ಬಾಡಿಗೆ ಗಾಡಿ ಓಡಿಸುವವನು ಅವನು. ಇಂಥ ಗಾಡಿಯಲ್ಲಿ ಮದುಮಗನನ್ನು ಕೂಡಿಸಿ ತಂದರೆ ದಿನಕ್ಕೆ ಇಪ್ಪತ್ತೈದು ಸಾವಿರ ಎಣಿಸಬಹುದೆಂದು ಲೆಕ್ಕ ಹಾಕಿ, ಅಪ್ಪನ ಅರಳೆ ಹಿಂಜುವ ಯಂತ್ರವನ್ನು ಮಾರಲು ಗಿರಾಕಿ ಹುಡುಕಿ, ಅಮ್ಮ ಅಬೀದಾಳ ಕೈಯ ಎರಡು ಬಂಗಾರದ ಪಾಟ್ಲಿಗಳಿಗೂ ತೂಕ ಮಾಡಿಸಿಬಿಟ್ಟಿದ್ದ. ಇದನ್ನೆಲ್ಲ ಅವನೇ ಮೊನ್ನೆ ಬಂದು ಖುಷಿಯಿಂದ ಹೇಳಿ ಹೋಗಿದ್ದ. ಹೇಳುವಾಗ ಫಕೀರೇಶನಿಗೆ ಅವನ ಕಣ್ಣುಗಳು ಕಾಣಿಸಲಿಲ್ಲ, ಆ ಹದಿನಾಲ್ಕು ಮಾತ್ರ ಕಾಣಿಸಿತು. ಹತ್ತರಿಂದ ಭಾಗಿಸಿದರೂ ಸುಳ್ಳಾಗಿಯೇ ಉಳಿಯುವ ಸುಳ್ಳನ್ನು ತಾನು ಹೇಳಿಬಿಟ್ಟೆನಲ್ಲ ಎಂದು ಮೊದಲ ಸಲ ಅನಿಸಿತು. ಅನಿಸಿದ್ದನ್ನು ಹಾಗೇ ನುಂಗಿದ. ಇವತ್ತು ಗಾಡಿ ಹೋಗಬೇಕು. ಆಕಾಶ ಕಳಚಿ ಕೆರೆಯಲ್ಲಿ ಬಿದ್ದರೂ ಇವತ್ತು ಈ ಗಾಡಿ ಈ ಶೆಡ್ಡಿನಿಂದ ಹೋಗಬೇಕು.

ಬೆಳಗಿನಿಂದ ಅವನು ಅದನ್ನು ತೊಳೆಯುತ್ತಿದ್ದ. ಅವನ ಮೋಟಾರು ವೈಂಡಿಂಗ್ ಅಂಗಡಿಗೆ ಹತ್ತಿದ ಶೆಡ್ಡು. ಶಟರು ಎತ್ತಿದರೆ ಹಳೆಯ ವಾರ್ನಿಶ್ಶು, ತಾಮ್ರ, ಇಲಿಯ ಹಿಕ್ಕೆ ಎಲ್ಲ ಕೂಡಿದ ವಾಸನೆ, ಅದರ ನಡುವೆ ನವಿಲುಗೊರಳಿನ ಬಣ್ಣದ, ನಾಲ್ಕು ಬಾಗಿಲಿನ ಜರ್ಮನ್ ಗಾಡಿ. ನೋಡಲಿಕ್ಕೆ ಮನೆಮಂದಿ ಕೂಡುವ ಸಾಧು ಗಾಡಿಯಂತೆ ಕಾಣಿಸಿದರೂ ಒಳಗೆ ನಾಲ್ಕುನೂರ ಐವತ್ತು ಕುದುರೆ. ಪುಣೆಯಿಂದ ತಂದ ದಿನ ಓಣಿಯ ನಾಯಿಗಳು ಮೂರು ದಿನ ಬೊಗಳಲಿಲ್ಲ, ಕೆರೆಯ ಬಾತುಗಳು ಎದ್ದು ನಿಂತು ನೋಡಿದವು ಎಂದು ಅವನು ಹೇಳುತ್ತಿದ್ದ. ಆಮೇಲೆ ಕುದುರೆಗಳು ಹಸಿಯತೊಡಗಿದವು. ಓಡಿದರೆ ತಿನ್ನುತ್ತವೆ ಎಂದು ನಿಲ್ಲಿಸಿದರೆ ನಿಂತಲ್ಲಿಯೇ ತಿನ್ನತೊಡಗಿದವು. ನಿಂತ ಬ್ಯಾಟರಿ ಸತ್ತಿತು, ಹೊಸದು ತಂದದ್ದೂ ಸತ್ತಿತು. ನಿಂತ ಟಾಯರುಗಳು ನೆಲ ಮುಟ್ಟಿದ ಕಡೆ ಚಪ್ಪಟೆಯಾಗಿ ಅಂಚಿನಲ್ಲಿ ಬಿರಿದವು. ಡಬ್ಬಿಯಲ್ಲಿದ್ದ ಎಣ್ಣೆಯೇ ಒಂದು ವರ್ಷಕ್ಕೆ ಮುದಿಯಾಗುತ್ತದಂತೆ, ಓಡಿರಲಿ ಬಿಟ್ಟಿರಲಿ ಬದಲಿಸಬೇಕು ಎಂದು ಸರ್ವಿಸಿನವರು ಫೋನಿನಲ್ಲಿ ಹೇಳಿದಾಗ ಅವನಿಗೆ, ತಾನೂ ಹಾಗೆಯೇ ಡಬ್ಬಿಯೊಳಗೇ ಮುದಿಯಾಗುತ್ತಿರುವವನು ಎಂದು ಏಕೋ ಅನಿಸಿ, ಸಿಟ್ಟಿನಿಂದ ಫೋನು ಇಟ್ಟಿದ್ದ. ಇಲಿ ಒಂದು ವೈರು ಕಡಿದದ್ದಕ್ಕೆ ಗಾಡಿಯನ್ನು ಲಾರಿಯ ಬೆನ್ನ ಮೇಲೆ ಹೇರಿಸಿ ಬೆಂಗಳೂರಿಗೆ ಕಳಿಸಬೇಕಾಗಿ ಬಂದಿತ್ತು. ಊರೆಲ್ಲ ಮೋಟಾರುಗಳಿಗೆ ತಂತಿ ಸುತ್ತಿಕೊಡುವವನ ಗಾಡಿಯ ತಂತಿಯನ್ನು ಅವನಿಗೇ ಮುಟ್ಟಲು ಬರಲಿಲ್ಲ. ಲಾರಿ ಹೊರಟಾಗ ಯಾರೋ ಕೇಳಿದ್ದಕ್ಕೆ, ಬೆಂಗಳೂರಾಗ ಇದರ ಪ್ರದರ್ಶನ ಐತಿ, ಸತ್ಕಾರ ಮಾಡ್ತಾರಂತ ಎಂದಿದ್ದ.

ಚಕ್ರಗಳ ಹಿಂದೆ ಕೈ ಹಾಕಿ ಕೊಳೆ ತಿಕ್ಕುತ್ತಿದ್ದಾಗ ಬೆರಳಿಗೆ ಟಾಯರಿನ ಬಿರುಕು ಸಿಕ್ಕಿತು. ಅದರ ಮೇಲೆ ಕಪ್ಪು ಪಾಲಿಶು ಹಚ್ಚಿದ. ಒಳಗೆ ಕೂತು ಚಾಲೂ ಮಾಡಿದಾಗ ಸ್ಟೇರಿಂಗಿನ ಹಿಂದೆ ಮೀಟರಿನ ಗಾಜಿನಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತುತ್ತಿತ್ತು, ಎಂಟು ತಿಂಗಳಿಂದ ಆರಿರಲಿಲ್ಲ. ಅದರ ಮೇಲೆ ಸಿದ್ಧಾರೂಢ ಅಜ್ಜನ ಸಣ್ಣ ಸ್ಟಿಕರು ಅಂಟಿಸಿದ್ದ. ಈಗ ಅಜ್ಜನ ತಲೆಯ ಹಿಂದೆ ಹಳದಿ ಪ್ರಭೆ ಮೂಡಿ ಎಂಥವರಿಗೂ ಕೈ ಮುಗಿಯಬೇಕೆನಿಸುವಂತಿತ್ತು. ಫಕೀರೇಶ ಮುಗಿಯಲಿಲ್ಲ. ಸ್ಕೂಟರಿನ ಮೇಲೆ ಎರಡು ಕ್ಯಾನಿನಲ್ಲಿ ತಂದ ದುಬಾರಿ ಪೆಟ್ರೋಲನ್ನು ಸುರಿಯುವಾಗ ಭುವನೇಶ್ವರಿ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ರೊಟ್ಟಿಯ ಹಿಟ್ಟು.

"ಖರೇ ಹೇಳೀರೇನ್ರಿ ಅವರಿಗೆ?"

ಅವರು ಕೇಳಿಲ್ಲ, ಕೇಳಿದರೆ ಹೇಳುತ್ತೇನೆ ಎಂದ. ಆಕೆ ಕೈಯ ಹಿಟ್ಟು ಉದುರಿಸುತ್ತ, "ನಾನೂ ಕೇಳಲಾರದ ಬಿಟ್ಟೇನಿ" ಎಂದು ಒಳಗೆ ಹೋದಳು. ಆ ಮಾತು ಅವನ ಬೆನ್ನಿಗೆ ಒದ್ದೆ ಅರಿವೆಯಂತೆ ಅಂಟಿಕೊಂಡಿತು. ಏನನ್ನು ಕೇಳದೆ ಬಿಟ್ಟಿದ್ದಾಳೆ? ದಿನಾ ಮಧ್ಯಾಹ್ನ ಊಟ ಮುಗಿಸಿ, ಒಂದ್ ರೌಂಡ್ ಹೊಡಕೊಂಡ ಬರ್ತೇನಿ ಎಂದು ಅವನು ಏಳುತ್ತಿದ್ದ. ನರೇಂದ್ರ ದಾಟಿ, ಬೈಪಾಸಿನ ಮೇಲೆ ಗಾಳಿಯನ್ನೇ ಸೀಳಿ, ನಲವತ್ತು ನಿಮಿಷಕ್ಕೆ ತಿರುಗಿ ಬಂದೆ ಎನ್ನುತ್ತಿದ್ದ. ಒಂದು ಸಲ ಆಕೆ ಧಾರವಾಡದ ಫೇಡೆ ತರಲು ಹೇಳಿದ್ದಳು. ತಂದುಕೊಟ್ಟಿದ್ದ. ಡಬ್ಬಿಯ ಮೇಲೆ ಉಣಕಲ್ಲಿನ ಅಂಗಡಿಯ ಚೀಟಿ ಇತ್ತೆಂದು ಮರುದಿನ ಕಸದಲ್ಲಿ ನೋಡಿದಾಗ ಅವನಿಗೆ ಗೊತ್ತಾಗಿತ್ತು. ಮಗಳು ಸೃಷ್ಟಿ ದಿನವೂ ಚಿಗರಿ ಬಸ್ಸಿನಲ್ಲಿ ಧಾರವಾಡದ ಕಾಲೇಜಿಗೆ ಹೋಗಿ ಬರುವವಳು, ರಸ್ತೆಯಲ್ಲಿ ನಿಮ್ಮ ಗಾಡಿ ಒಂದು ದಿನವೂ ಕಾಣಿಸಲಿಲ್ಲವಲ್ಲ ಎಂದು ಮೊದಲ ವರ್ಷ ಕೇಳಿದ್ದಳು. ಅಷ್ಟು ವೇಗದ ಗಾಡಿ ಕಣ್ಣಿಗೆ ಕಾಣುವುದು ಹೇಗೆ ಎಂದು ಅವನು ನಗಿಸಿದ್ದ. ಎರಡನೆಯ ವರ್ಷದಿಂದ ಅವಳೂ ಕೇಳುವುದನ್ನು ಬಿಟ್ಟಳು. ಸೈ, ಇವತ್ತು ಗಾಡಿ ಹೋದರೆ ಕೇಳುವ ಪ್ರಶ್ನೆಯೇ ಹೋಗುತ್ತದೆ. ಅವನು ಮುಚ್ಚಳವನ್ನು ಎರಡು ಸುತ್ತು ಹೆಚ್ಚಿಗೆ ತಿರುವಿದ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ವಸೀಮ ಬಂದ, ಹಿಂದೆ ಮುದುಕ. ಗುಲಾಬಸಾಬನ ಹುಬ್ಬಿನಲ್ಲಿ ಎಂದಿನಂತೆ ಅರಳೆಯ ಎಳೆ ಸಿಕ್ಕಿಕೊಂಡಿತ್ತು, ಕಂಕುಳಲ್ಲಿ ಗಾದಿಯ ಬಟ್ಟೆಯಿಂದಲೇ ಹೊಲಿದ ಚೀಲ. ಅವನು ಬರುವನೆಂದು ಫಕೀರೇಶ ಎಣಿಸಿರಲಿಲ್ಲ. ವಸೀಮನೊಬ್ಬನೇ ಆಗಿದ್ದರೆ ಮಾತಿನಲ್ಲಿ ಮುಳುಗಿಸಿಬಿಡುತ್ತಿದ್ದ. ಈ ಮುದುಕ ಮಾತಾಡುವವನಲ್ಲ, ಕೈಯಿಂದ ನೋಡುವವನು. ಹನ್ನೆರಡು ವರ್ಷದ ಹಿಂದೆ ಫಕೀರೇಶನ ಅಪ್ಪ ಶಿದ್ದಪ್ಪ ಲಕ್ವಾ ಹೊಡೆದು ಮಲಗಿದ್ದಾಗ, ಗಾದಿ ಗಂಟುಗಟ್ಟಿದೆಯೆಂದು ಇವನನ್ನೇ ಕರೆಸಿದ್ದರು. ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸಬೇಕೆಂದು ಡಾಕ್ಟರು ಹೇಳಿದ್ದರು, ಆ ಕೆಲಸವನ್ನು ಫಕೀರೇಶ ತಾನೇ ಮೇಲೆ ಬಿದ್ದು ವಹಿಸಿಕೊಂಡಿದ್ದ, ನೋಡಲು ಬಂದ ಬೀಗರಿಗೆಲ್ಲ ಗಂಟೆಗೊಮ್ಮೆ ಹೊರಳಿಸ್ತೇನಿ, ಕಣ್ಣಿಗೆ ಕಣ್ಣು ಹಚ್ಚಿಲ್ಲ ಎನ್ನುತ್ತಿದ್ದ. ಗುಲಾಬಸಾಬ ಅಪ್ಪನನ್ನು ಚಾಪೆಗೆ ಇಳಿಸಿ, ಗಾದಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿದ. ಅಂಗೈ ಒಂದೇ ಕಡೆ, ಆಳವಾದ ಒಂದೇ ಕುಣಿಯಲ್ಲಿ, ಬಹಳ ಹೊತ್ತು ನಿಂತಿತು. ಹೊಸಾ ಅರಳಿ ತುಂಬತೇನಿ ತಮ್ಮಾ, ಇನ್ನ ಒಂದ ಮಗ್ಗಲಾ ಬಿಡಬ್ಯಾಡ ಎಂದಷ್ಟೇ ಹೇಳಿದ. ಅರಳೆಯ ರೊಕ್ಕ ತೆಗೆದುಕೊಳ್ಳಲಿಲ್ಲ. ಅಪ್ಪನ ಬೆನ್ನಿನ ಹುಣ್ಣನ್ನು ಅವನು ನೋಡಿರಲಿಲ್ಲ, ಕುಣಿಯನ್ನು ನೋಡಿದ್ದ. ಅಂದಿನಿಂದ ಫಕೀರೇಶ ಆ ಅಂಗಡಿಯ ಮುಂದೆ ಹಾಯುವಾಗ ಮುಖವನ್ನು ಕೆರೆಯ ಕಡೆ ತಿರುಗಿಸುತ್ತಿದ್ದ.

ಬರ್ರಿ ಕಾಕಾ, ಹಿಂದ ಆರಾಮಾಗಿ ಕುಂದರ್ರಿ ಎಂದು ಬಾಗಿಲು ತೆರೆದ. ಗಾಡಿ ಚಾಲೂ ಆದಾಗ ಎದುರಿನ ಕಿರಾಣಿ ಅಂಗಡಿಯ ಬರಣಿಗಳು ಗಲಗಲ ಎಂದವು. ಹತ್ತರಿಂದ ಭಾಗಿಸದೆ, ಖರೇವಾಗಿಯೇ ಎಂದವು. ಅವನ ಎದೆ ಎಂದಿನಂತೆ ಹಿಗ್ಗಿತು. ಭೈರಿದೇವರಕೊಪ್ಪ ದಾಟುವಾಗ ಕಾಲು ಸ್ವಲ್ಪವೇ ಒತ್ತಿದ, ಸೀಟು ಬೆನ್ನಿಗೆ ಗುದ್ದಿತು, ವಸೀಮನ ಬಾಯಿಂದ ಮಾತಿಗೆ ಬದಲು ಉಸಿರು ಮಾತ್ರ ಬಂತು. ಈ ಒಂದು ಕ್ಷಣಕ್ಕಾಗಿಯೇ ಅಲ್ಲವೇ, ಎಂದು ಫಕೀರೇಶನಿಗೆ ಅನಿಸಿತು, ಈ ಒಂದು ಕ್ಷಣಕ್ಕೆ ಎಷ್ಟು ರೂಪಾಯಿ ಆಯಿತು ಎಂದೂ ಅದರ ಹಿಂದೆಯೇ ಅನಿಸಿತು. ಮೂರು ವರ್ಷದಿಂದ ಆನಂದವೂ ಬೆಲೆಯೂ ಅವಳಿ ಮಕ್ಕಳಂತೆ ಜೊತೆಗೇ ಹುಟ್ಟುತ್ತಿದ್ದವು. ನವನಗರದ ಹತ್ತಿರ ತನಗೇ ಮೀಸಲಾದ ದಾರಿಯಲ್ಲಿ ತಾನು ಹೋಗುತ್ತಿದ್ದ ಚಿಗರಿ ಬಸ್ಸು ಸಿಗ್ನಲ್ಲಿನಲ್ಲಿ ನಿಂತ ಇವರನ್ನು ಹಿಂದೆ ಹಾಕಿ ಸುಮ್ಮನೆ ಸಾಗಿತು. ಅದರೊಳಗೆ ಜನ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದರು. ಬರೀ ಟಿಕೀಟಿನ ದುಡ್ಡಿಗೆ ಅಂಥ ನಿದ್ದೆ.

ಪರದೆಯ ಮೇಲೆ ಲೀಟರಿನ ಲೆಕ್ಕ ನಾಲ್ಕು ಎಂದು ತೋರಿಸುತ್ತಿದ್ದುದು ವಸೀಮನ ಕಣ್ಣಿಗೆ ಬಿತ್ತು. ಇದೇನ್ರಿ ಅಣ್ಣಾರ ಎಂದು ಕೇಳಿದ. ಈಗ ಕಾಲ ಒತ್ತೇನಲ್ಲ, ಸಾವಕಾಶ ಹೊಡದ್ರ ಇದರ ಮೂರೂವರಿ ಪಟ್ಟು ಎಂದು ಫಕೀರೇಶನ ನಾಲಿಗೆ ಅವನನ್ನು ಕೇಳದೆಯೇ ಉತ್ತರ ಕೊಟ್ಟಿತು. ವಸೀಮ ಬೆರಳು ಮಡಿಚಿ ನಾಲ್ಕನ್ನು ಮೂರೂವರೆಯಿಂದ ಗುಣಿಸಿ, ಹದಿನಾಲ್ಕು ಬಂದದ್ದು ನೋಡಿ, ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಹಿಂದೆ ತಿರುಗಿ ತಂದೆಗೆ ಹೇಳಿದ. ಇಷ್ಟು ಸರಿಯಾಗಿ ಕೂಡಿದ ಸುಳ್ಳನ್ನು ಫಕೀರೇಶ ಜನ್ಮದಲ್ಲಿ ಹೇಳಿರಲಿಲ್ಲ. ಅವನ ಸುಳ್ಳುಗಳಿಗೆ ಯಾವಾಗಲೂ ರೆಕ್ಕೆ ಇರುತ್ತಿದ್ದವು, ಹಾರಿಹೋಗುತ್ತಿದ್ದವು. ಇದಕ್ಕೆ ಕಾಲು ಮೂಡಿದ್ದವು. ಇದು ನಡೆದುಕೊಂಡು ಹೋಗಿ ಅಬೀದಾಳ ಕೈಯಿಂದ ಪಾಟ್ಲಿ ಬಿಚ್ಚಲಿತ್ತು. ಕನ್ನಡಿಯಲ್ಲಿ ನೋಡಿದರೆ ಮುದುಕ ರಸ್ತೆ ನೋಡುತ್ತಿರಲಿಲ್ಲ, ಸೀಟಿನ ಅಂಚನ್ನು ಬೆರಳಿನಿಂದ ಒತ್ತಿ ಬಿಡುತ್ತ, ಒತ್ತಿ ಬಿಡುತ್ತ ಕೂತಿದ್ದ.

ಸತ್ತೂರು ದಾಟಿದ ಮೇಲೆ ಒಂದು ಉಬ್ಬಿಗೆ ಗಾಡಿಯ ಹೊಟ್ಟೆ ಕರ್ರೆಂದು ತಿಕ್ಕಿತು. ಆ ಸಪ್ಪಳ ಫಕೀರೇಶನ ಹಲ್ಲಿನಲ್ಲಿ ಕೇಳಿಸಿತು. ನವಲೂರಿನ ಪೇರಲ ಹಣ್ಣಿನವರು ಬುಟ್ಟಿ ಇಟ್ಟು ಕೂತ ಕಡೆ ಗಾಡಿ ನಿಲ್ಲಿಸಿ, ಅಬೀದಾ ಕಾಕೂಗ ನಾಲ್ಕ ಪೇರಲಕಾಯಿ ತಗೊಳ್ಳಿ ಕಾಕಾ ಎಂದು ನೆಪ ಮಾಡಿ, ಕೆಳಗೆ ಬಗ್ಗಿ ನೋಡಿದ. ಇಂಜಿನ್ನು ಬಂದ್ ಮಾಡಲಿಲ್ಲ. ಬ್ಯಾಟರಿಯ ಮೇಲೆ ನಂಬಿಕೆಯಿರಲಿಲ್ಲ. ನಿಂತಲ್ಲೇ ಗುರುಗುಟ್ಟುತ್ತ ಕುದುರೆಗಳು ಮೇಯುತ್ತಿದ್ದವು. ಧೂಳಿನಲ್ಲಿ ಮೊಣಕಾಲೂರಿ, ತಲೆಯನ್ನು ಚಕ್ರದ ಪಕ್ಕಕ್ಕಿಟ್ಟು, ಗೀಚಿದ ಕಡೆ ಬೆರಳಾಡಿಸುತ್ತಿದ್ದಾಗ, ತಾನೀಗ ಹೇಗೆ ಕಾಣಿಸುತ್ತಿದ್ದೇನೆ ಎಂಬುದು ಪೇರಲದ ಮುದುಕಿಯ ನೋಟದಿಂದ ಗೊತ್ತಾಯಿತು. ಸತ್ತ ಎಮ್ಮೆಯ ಹೊಟ್ಟೆ ಮುಟ್ಟಿ ನೋಡುವವನ ಹಾಗೆ. ಎದ್ದು ಅಂಗಿ ಝಾಡಿಸಿಕೊಂಡು ಈ ಕಡೆ ಬಂದರೆ, ಚಾಲಕನ ಬಾಗಿಲು ತೆರೆದಿತ್ತು. ಗುಲಾಬಸಾಬ ನಿಂತೇ ಬಗ್ಗಿ, ಫಕೀರೇಶನ ಸೀಟಿನ ಮೇಲೆ ಅಂಗೈ ಇಟ್ಟಿದ್ದ. ಕಣ್ಣು ಮುಚ್ಚಿತ್ತು. ಅಂಗೈ ಒಂದೇ ಕಡೆ ನಿಂತಿತ್ತು.

"ಇದರಾಗ ಅರಳಿ ಇಲ್ಲ, ಸ್ಪಂಜ ಐತಿ" ಎಂದ ಮುದುಕ, ಕಣ್ಣು ತೆರೆಯದೆ. "ಆದ್ರ ಭಾರ ಅನ್ನೂದು ಎಲ್ಲಾ ಕಡೆ ಭಾರನ. ಓಡೂ ಗಾಡ್ಯಾಗ ಕುಂತಾವ ಎಡಕ್ಕ ಬಲಕ್ಕ ಸರೀತಾನ, ಅಂಚು ಮೆತ್ತಗಾಗತಾವ. ಇಲ್ಲಿ ಅಂಚು ಹೊಸಾವ ಅದಾವ. ನಟ್ಟನಡುವ ಒಂದ ಕುಣಿ. ಇದು ನಿಂತ ಗಾಡ್ಯಾಗ ಕುಂತ ಕುಣಿ, ತಮ್ಮಾ. ದಿನಾ ಕುಂತೀ, ಭಾಳ ಹೊತ್ತು ಕುಂತೀ, ಅಲ್ಲಾಡಲಾರದ ಕುಂತೀ."

ಆಮೇಲೆ ಕಂಕುಳಿನ ಚೀಲ ತೆಗೆದು ಆ ಕುಣಿಯಲ್ಲಿಯೇ ಇಟ್ಟ. ನನಗ ಗಾಡಿ ತಿಳಿಯೂದಿಲ್ಲ, ನೀ ಹ್ಞೂಂ ಅಂದ್ರ ಇದು ಇಲ್ಲೇ ಇರ್ಲಿ ಎಂದ. ಬೈಗುಳವಿಲ್ಲ, ವ್ಯಂಗ್ಯವಿಲ್ಲ. ಗಾದಿಯ ಬಟ್ಟೆಯ ನೀಲಿ ಪಟ್ಟಿಯ ಚೀಲ ಆ ತಗ್ಗಿನಲ್ಲಿ ಹೊಂದಿಕೊಂಡು ಕೂತಿತು. ಫಕೀರೇಶನ ಬಾಯಲ್ಲಿ ಡಬ್ಬಿಯ ಫೇಡೆಗಳಂತೆ ಸಾಲುಸಾಲಾಗಿ ಸುಳ್ಳುಗಳು ತಯಾರಿದ್ದವು: ಇಂಜಿನ್ನು ಕಾಯಿಸಲು ಕೂಡುತ್ತಿದ್ದೆ, ಮೊದಲಿನ ಮಾಲಕ ದಪ್ಪಗಿದ್ದ, ಈ ಸೀಟು ಹುಟ್ಟುವಾಗಲೇ ಹೀಗೆ. ಒಂದು ಹ್ಞೂಂ ಅಂದರೆ ಸಾಕು, ಮುಂದಿನ ವಾರ ತುಂಬಬೇಕಾದ ವಿಮೆಯಿಲ್ಲ, ಬಿರಿದ ಟಾಯರಿಲ್ಲ, ಮಧ್ಯಾಹ್ನವಿಲ್ಲ. ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದಿದ್ದ ನಿರ್ಧಾರ ಹಾಗೆಯೇ ಇತ್ತು, ಸಡಿಲಾಗಲಿಲ್ಲ. ಅದರ ಮುಖ ಮಾತ್ರ, ಮಲಗಿದವನನ್ನು ಯಾರೋ ಕಡೆಗೂ ಹೊರಳಿಸಿದ ಹಾಗೆ, ಇನ್ನೊಂದು ಕಡೆ ತಿರುಗಿತು.

"ಅಪ್ಪನ್ನ ನಾ ಹೊರಳಸ್ತಿದ್ದಿಲ್ರಿ ಕಾಕಾ."

ವಸೀಮನಿಗೆ ತಲೆಬುಡ ತಿಳಿಯಲಿಲ್ಲ. ಗುಲಾಬಸಾಬ ಪೇರಲಹಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ, "ಗೊತ್ತೈತಿ" ಎಂದ. "ಈಗ ಗಾಡಿದು ಹೇಳು."

ಫಕೀರೇಶ ಹೇಳಿದ. ಲೀಟರಿಗೆ ನಾಲ್ಕು, ಊರೊಳಗೆ ಹಾದರೆ ಅದೂ ಇಲ್ಲ. ಒಂದು ಟಾಯರಿಗೆ ನಲವತ್ತು ಸಾವಿರ, ನಾಲ್ಕೂ ಬಿರಿದಿವೆ, ಇವತ್ತು ಬೆಳಿಗ್ಗೆ ಪಾಲಿಶು ಬಡಿದಿದ್ದೇನೆ. ಬ್ರೇಕು ಮಾಡಿಸಿದರೆ ಎರಡು ಲಕ್ಷ. ವಿಮೆ ವರ್ಷಕ್ಕೆ ಒಂದೂಕಾಲು ಲಕ್ಷ. ನಿಂತರೂ ತಿನ್ನುತ್ತದೆ, ಓಡಿದರಂತೂ ಮನೆಯನ್ನೇ ತಿನ್ನುತ್ತದೆ. ಒಂದು ಅಂಕಿಯನ್ನೂ ಅವನು ಹೆಚ್ಚಿಸಲಿಲ್ಲ. ಹೆಚ್ಚಿಸದೆ ಮಾತಾಡುವುದು ನಾಲಿಗೆಗೆ ಹೊಸದಾಗಿ, ಮಾತು ತೊದಲಿತು. ವಸೀಮ ಮೊದಲು ಬಾಯಿ ಬಿಟ್ಟು ಕೇಳಿ, ಆಮೇಲೆ ನಿಧಾನ ನಗತೊಡಗಿದ.

"ಅಂದ್ರ ಟಾಯರಿಗೆ ನಾಲ್ಕ ಸಾವಿರ, ಬ್ರೇಕಿಗೆ ಇಪ್ಪತ್ತು. ಅಷ್ಟ ನಾನೂ ಹಿಡದೇನ್ರಿ ಅಣ್ಣಾರ." ತಂದೆಯ ಕಡೆ ತಿರುಗಿ, "ಬ್ಯಾರೆ ಗಿರಾಕಿ ಬಂದಿರಬೇಕು ಅಬ್ಬಾ. ನಮ್ಮನ್ನ ಅಂಜಸಾಕತ್ತಾರ" ಎಂದ.

ಫಕೀರೇಶನಿಗೆ ಆ ಲೆಕ್ಕದ ಗುರುತು ಹತ್ತಿತು. ಮೂರು ವರ್ಷ ತಾನೇ ಊರಿಗೆ ಕಲಿಸಿದ ಮಗ್ಗಿ. ತನ್ನ ಬಾಯಿಂದ ಬಂದ ಯಾವ ಅಂಕಿಯನ್ನೂ ಈ ಹುಡುಗ ಇಡಿಯಾಗಿ ತೆಗೆದುಕೊಳ್ಳುವುದಿಲ್ಲ. ನಿಜವನ್ನೂ ಒಂದು ಸೊನ್ನೆ ಕಿತ್ತೇ ಒಳಗೆ ಬಿಟ್ಟುಕೊಳ್ಳುತ್ತಾನೆ. ತೋರಿಸೋಣವೆಂದರೆ ಬಿಲ್ಲುಗಳನ್ನು ಫಕೀರೇಶ ಎಂದೋ ಒಲೆಗೆ ಹಾಕಿದ್ದ. ಇನ್ನು ಭಾಗಿಸಲು ಬಾರದ ಅಂಕಿಯೊಂದನ್ನು ಹುಡುಕಬೇಕು. ಅದು ಸಿಗಲು ಬಹಳ ಹೊತ್ತು ಬೇಕಾಗಲಿಲ್ಲ.

"ಗೋವಾಕ್ಕ ಎಷ್ಟ ಸಲ ಹೋಗೇನಿ, ಕೇಳು."

"ಎಷ್ಟ ಸಲ?"

"ಒಮ್ಮೀನೂ ಇಲ್ಲ. ಈಗ ಹತ್ತರಿಂದ ಭಾಗಸು."

ವಸೀಮನ ಬೆರಳು ಅಭ್ಯಾಸಕ್ಕೆ ಮಡಿಚಿತು, ಅಲ್ಲೇ ನಿಂತಿತು. ನಗೆಯೂ ಅಲ್ಲೇ ನಿಂತಿತು. ಫಕೀರೇಶ ಒಳಗೆ ಬಗ್ಗಿ ಮೀಟರಿನ ಗಾಜಿನ ಮೇಲಿನ ಅಜ್ಜನ ಸ್ಟಿಕರನ್ನು ಉಗುರಿನಿಂದ ಹರಿಯದಂತೆ ಬಿಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಹಳದಿ ದೀಪ ಬತ್ತಲೆಯಾಗಿ ಉರಿಯಿತು. ಕುಣಿಯಲ್ಲಿದ್ದ ಚೀಲವನ್ನು ಎರಡೂ ಕೈಯಿಂದ ಎತ್ತಿ ಮುದುಕನಿಗೆ ಕೊಟ್ಟ, ಕೀಲಿ ತಿರುವಿ ಇಂಜಿನ್ನು ಬಂದ್ ಮಾಡಿದ. ತಿರುಗಿ ಚಾಲೂ ಆಗದಿದ್ದರೆ ಮೂವರೂ ಚಿಗರಿ ಹಿಡಿಯಬೇಕು, ಹಿಡಿದರಾಯಿತು. ಸದ್ದು ಇಳಿದ ಮೇಲೆ ಪೇರಲದ ಮುದುಕಿ ಚಿಲ್ಲರೆ ಎಣಿಸುವುದು ಕೂಡ ಕೇಳಿಸುತ್ತಿತ್ತು.

"ಮತ್ತ ದಿನಾ ಮಧ್ಯಾಹ್ನ ರೌಂಡ್ ಹೊಡೀತಿದ್ರಲ್ಲ, ಅದು?" ಎಂದ ವಸೀಮ. ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಅದೊಂದಾದರೂ ಉಳಿಯಲಿ ಎಂಬ ಆಸೆಯಿತ್ತು.

"ಶಟರ್ ಇಳಿಸಿಕೊಂಡು ಒಳಗ ಕುಂದರತಿದ್ದೆ" ಎಂದ ಫಕೀರೇಶ. "ಟಾಕಿ ಮುಚ್ಚಳಾ ತಗದಿಟ್ಟು, ಬಾಗಲಾ ಹಾಕ್ಕೊಳ್ಳದ, ಸ್ಟೇರಿಂಗ್ ಹಿಡಕೊಂಡು, ನಲವತ್ತು ನಿಮಿಷ. ಪೆಟ್ರೋಲ್ ಮೂಸಿ ನೋಡೂದು ಗಾಡಿ ಅಲ್ಲೋ ವಸೀಮ. ನಾನು."